ಗಾಡಿಯ ಮಾರಿ ಯಾವ ಕಡೆ ಇತ್ತು?

ಹಳೆ ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸಿದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು. "ಪಂಪ್ ಹೋಗೈತಿ." ಪಕ್ಕದಲ್ಲಿ ನಿಂತ ಟ್ರ್ಯಾಕ್ಟರ್ ಡ್ರೈವರ್ ಹಾಗೆ ಹೇಳುತ್ತಾನೆ. ಬಂಕಿನ ಹುಡುಗ ಹಾಗೆ ಹೇಳುತ್ತಾನೆ. ಗ್ಯಾರೇಜಿನಲ್ಲೂ ಬಹಳ ಸಲ ಅದೇ ಮಾತು. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಎಂಜಿನ್ನಿಗೆ ಡೀಸೆಲ್ ಅಳೆದು ಒತ್ತಿ ಕಳಿಸುವ ಈ ಇಂಜೆಕ್ಷನ್ ಪಂಪ್ ಅಂದರೆ ಎಷ್ಟು ಗಟ್ಟಿ, ಎಷ್ಟು ನಾಜೂಕು, ಎಷ್ಟು ದುಬಾರಿ ವಸ್ತು ಅಂತ ಗೊತ್ತಿದ್ದವರು ಅದನ್ನು ಮೊದಲು ಬಿಚ್ಚೋದಿಲ್ಲ. ಕೊನೆಗೆ ಬಿಚ್ಚುತ್ತಾರೆ. ಎಷ್ಟೋ ಸಲ ಬಿಚ್ಚುವ ಪ್ರಸಂಗವೇ ಬರೋದಿಲ್ಲ.

ನಮ್ಮದು ಹಳೆಯ ಟೆಂಪೊ ಟ್ರಾವೆಲರ್. ನಮ್ಮ ಕೈಗೆ ಬರುವ ಮುಂಚೆ ಮದುವೆ ದಿಬ್ಬಣ, ಯಲ್ಲಮ್ಮನ ಗುಡ್ಡದ ಭಕ್ತರು, ಶಾಲೆ ಮಕ್ಕಳು ಎಲ್ಲರನ್ನೂ ಹೊತ್ತು ತಿರುಗಿದ ಗಾಡಿ. ಸೀಟು ತೆಗೆಸಿ ಇಬ್ಬರು ಮಲಗುವಷ್ಟು ಹಲಗೆ, ಸಣ್ಣದೊಂದು ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಹಾಕಿಸಿದ್ದೇವೆ. (ಹೀಗೆ ಗಾಡಿಯ ರೂಪ ಬದಲಿಸುವ ಮುಂಚೆ ಆರ್‌ಟಿಒ ಒಪ್ಪಿಗೆ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನೇ ಹೇಳುತ್ತದೆ. ಹೊಸದಾಗಿ ಮಾಡಿಸುವವರು ಹಲಗೆ ಕೊಯ್ಯಿಸುವ ಮುಂಚೆ ಈ ಕಾಗದದ ಕೆಲಸ ಮುಗಿಸಿಕೊಳ್ಳಿ.) ಬೆಳಗಾವಿಯಿಂದ ಹೊರಟರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಆಲಮಟ್ಟಿ, ವಿಜಯಪುರ. ಈ ಸುತ್ತು ನಮಗೆ ಎಷ್ಟು ಹೋದರೂ ಸಾಲದು.

ಟ್ರಾವೆಲರ್ ಬಂದಿದ್ದು 1987ರಲ್ಲಿ. ಆಗ ಕಂಪನಿಯ ಹೆಸರು ಬಜಾಜ್ ಟೆಂಪೊ. ಫೋರ್ಸ್ ಮೋಟಾರ್ಸ್ ಆಗಿದ್ದು 2005ರಲ್ಲಿ. ನಮ್ಮ ಗಾಡಿಯ ಎಂಜಿನ್ನಿನ ಮೂಲ ಮರ್ಸಿಡಿಸ್‌ನ ಓಎಂ616. 1973ರಲ್ಲಿ 240ಡಿ ಅನ್ನುವ ಕಾರಿನಲ್ಲಿ ಬಂದ, 2.4 ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಅದು. ಕಂಪ್ಯೂಟರ್ ಇಲ್ಲ. ಸೆನ್ಸರ್ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ತಪ್ಪು ತೋರಿಸುವ ಹಳದಿ ದೀಪವೂ ಇಲ್ಲ. ಅದಕ್ಕೆ ಏನಾಗಿದೆ ಅಂತ ತಿಳಿಯಬೇಕಾದರೆ ಹೊಗೆ ನೋಡಬೇಕು, ಸದ್ದು ಕೇಳಬೇಕು, ಪೈಪು ಮುಟ್ಟಬೇಕು. ಈ ಕೆಲಸ ನನಗೆ ತುಂಬಾ ಇಷ್ಟ. ಸರಿಯಾಗಿ ಕೇಳಿದರೆ ಈ ಎಂಜಿನ್ ಸುಳ್ಳು ಹೇಳೋದಿಲ್ಲ.

ಮೊದಲು ಡೀಸೆಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡೋಣ. ಟ್ಯಾಂಕ್ ಹಿಂದೆ, ನೆಲದ ಕೆಳಗೆ. ಎಂಜಿನ್ ಮುಂದೆ. ನಡುವೆ ಕಬ್ಬಿಣದ ಪೈಪು, ಅಲ್ಲಲ್ಲಿ ರಬ್ಬರ್ ಪೈಪು. ದೊಡ್ಡ ಪಂಪಿನ, ಅಂದರೆ ಇಂಜೆಕ್ಷನ್ ಪಂಪಿನ, ಪಕ್ಕೆಗೆ ಅಂಟಿಕೊಂಡು ಒಂದು ಸಣ್ಣ ಪಂಪ್ ಇರುತ್ತದೆ. ಅದು ಫೀಡ್ ಪಂಪ್. ಅದರ ತಲೆ ಮೇಲೆ ಕೈಯಲ್ಲಿ ಒತ್ತುವ ಗುಂಡಿ, ಅದೇ ಕೈಪಂಪ್. ಟ್ಯಾಂಕಿನಿಂದ ಡೀಸೆಲ್ ಎಳೆಯೋದು ಇದರ ಕೆಲಸ. ಎಳೆದು ಫಿಲ್ಟರಿಗೆ ತಳ್ಳುತ್ತದೆ. ಫಿಲ್ಟರಿನಿಂದ ದೊಡ್ಡ ಪಂಪಿಗೆ. ದೊಡ್ಡ ಪಂಪಿನಿಂದ ನಾಲ್ಕು ಗಟ್ಟಿ ಉಕ್ಕಿನ ಪೈಪುಗಳು ಹೊರಟು ನಾಲ್ಕು ನೋಜಲ್ ತಲುಪುತ್ತವೆ. ಡೀಸೆಲ್ಲನ್ನು ಸಿಲಿಂಡರಿನೊಳಗೆ ಸಿಂಪಡಿಸೋದು ಈ ನೋಜಲ್. ನಮ್ಮ ಮಿಸ್ತ್ರಿಗಳು ನೋಜಲ್ ಕೂತಿರುವ ಹೋಲ್ಡರ್ ಸಮೇತ ಅದಕ್ಕೆ ಅಟಾಮೈಜರ್ ಅನ್ನುತ್ತಾರೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಾಡಿ ಗಂಟೆಗೆ 60 ಕಿಲೋಮೀಟರ್ ಓಡುತ್ತಿದೆ, ಲೀಟರಿಗೆ 10 ಕಿಲೋಮೀಟರ್ ಕೊಡುತ್ತಿದೆ ಅಂದುಕೊಳ್ಳಿ. ಗಂಟೆಗೆ 6 ಲೀಟರ್. ಅಂದರೆ ನಿಮಿಷಕ್ಕೆ 100 ಮಿಲಿಲೀಟರ್. ಎಂಜಿನ್ 2400 ಆರ್‌ಪಿಎಂ ತಿರುಗುತ್ತಿದ್ದರೆ, ಅಂದರೆ ನಿಮಿಷಕ್ಕೆ 2400 ಸುತ್ತು, ಎರಡು ಸುತ್ತಿಗೊಂದು ಸಲದಂತೆ ಒಂದೊಂದು ನೋಜಲ್ ನಿಮಿಷಕ್ಕೆ 1200 ಸಲ ಸಿಡಿಯುತ್ತದೆ. ನಾಲ್ಕು ಸೇರಿ 4800 ಸಲ. 100 ಮಿಲಿಲೀಟರನ್ನು 4800ಕ್ಕೆ ಹಂಚಿ ನೋಡಿ. ಒಂದು ಸಲಕ್ಕೆ ಸುಮಾರು 0.02 ಮಿಲಿಲೀಟರ್. ಒಂದು ಹನಿ ನೀರು ಸುಮಾರು 0.05 ಮಿಲಿಲೀಟರ್ ಇರುತ್ತದೆ. ಅಂದರೆ ಅರ್ಧ ಹನಿಗಿಂತ ಕಮ್ಮಿ! ಅಷ್ಟನ್ನು ಅಳೆದು, ಸುಮಾರು 115 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು 115 ಪಟ್ಟು) ಒತ್ತಡ ಕಟ್ಟಿ, ಸರಿಯಾದ ಗಳಿಗೆಗೆ ಒಳಗೆ ಸಿಡಿಸಬೇಕು. ಸೆಕೆಂಡಿಗೆ 20 ಸಲ. ಪ್ರತಿ ಸಿಲಿಂಡರಿಗೂ.

ಇದನ್ನು ಮಾಡುವ ಪಂಪ್ ಸುಲಭಕ್ಕೆ ಹುಟ್ಟಲಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಎಣ್ಣೆಯನ್ನು ಒಳಗೆ ಊದೋಕೆ ಒತ್ತಿದ ಗಾಳಿ ಬೇಕಿತ್ತು. ಅದಕ್ಕೆ ಬೇರೆ ಕಂಪ್ರೆಸರ್. ಅಂಥದ್ದನ್ನು ರಸ್ತೆ ಮೇಲಿನ ಗಾಡಿಗೆ ಕಟ್ಟೋದು ಹೇಗೆ? ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ತನ್ನ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿದ ಮೇಲೆ ಲಾರಿಗೂ ಟ್ರ್ಯಾಕ್ಟರಿಗೂ ಡೀಸೆಲ್ ಎಂಜಿನ್ ಸಲೀಸಾಯಿತು. ನಮ್ಮ ನಾಡಿಗೆ ಅದು ಮೈಕೋ ಹೆಸರಿನಲ್ಲಿ ಬಂತು. ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಅಂತ ಆಯಿತು. ಆದರೂ ಇವತ್ತಿಗೂ ಬಾಗಲಕೋಟೆಯಲ್ಲಾಗಲಿ ಜಮಖಂಡಿಯಲ್ಲಾಗಲಿ "ಮೈಕೋ ಪಂಪ್" ಅಂದರೇ ಜನಕ್ಕೆ ಗೊತ್ತಾಗೋದು.

ಪಂಪಿನೊಳಗೆ ಸಿಲಿಂಡರಿಗೊಂದರಂತೆ ಎಲಿಮೆಂಟ್ ಇರುತ್ತವೆ. ಪೆನ್ಸಿಲಿನಷ್ಟು ದಪ್ಪದ ಪ್ಲಂಜರ್, ಅದು ಓಡಾಡುವ ಬ್ಯಾರಲ್. ಎರಡರ ನಡುವಿನ ಸಂದು ಕೆಲವೇ ಮೈಕ್ರಾನ್. ಮನುಷ್ಯರ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಸಿಗಬಹುದು. ಅಲ್ಲಿ ಯಾವ ರಬ್ಬರ್ ಸೀಲೂ ಇಲ್ಲ. ಉಕ್ಕಿಗೆ ಉಕ್ಕೇ ಸೀಲು. ಎಣ್ಣೆ ಸುರಿಯೋ ನೆಲದ ಮೇಲೆ, ರಸ್ತೆ ಧೂಳಿನ ಪಕ್ಕದಲ್ಲಿ, ಹಳೆ ಬನಿಯನ್ ಬಟ್ಟೆಯಿಂದ ಒರೆಸುತ್ತಾ ಇದನ್ನು ಬಿಚ್ಚುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ನಮ್ಮ ಗಾಡಿಯ ಕಾಯಿಲೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬಹಳ ಹೊತ್ತು ಕೊರಗಿ, ಆಮೇಲೆ ಬಿಳಿ ಹೊಗೆ ಬಿಟ್ಟು, ಕುಂಟುತ್ತಾ ಶುರುವಾಗುತ್ತಿತ್ತು. ಕೆಲವು ದಿನ ಮಾತ್ರ. ಇನ್ನು ಕೆಲವು ದಿನ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್! ಓಡುವಾಗ ಉದ್ದದ ಏರು ಬಂದರೆ ಮಧ್ಯದಲ್ಲಿ ಎಳೆತ ಸತ್ತು ಹೋಗುತ್ತಿತ್ತು. ಕಾಲು ಪೂರ್ತಿ ಒತ್ತಿದರೂ ಗಾಡಿಗೆ ಕೇಳಿಸುತ್ತಿರಲಿಲ್ಲ. ಗೇರ್ ಇಳಿಸಿ ಸ್ವಲ್ಪ ತಾಳಿದರೆ ಮತ್ತೆ ಸರಿ. ಇದರ ಜೊತೆಗೆ ನಿಂತಲ್ಲಿ ಸಣ್ಣಗೆ ನಡುಗುವ ಚಟ. ಒಂದೇ ಕಾಯಿಲೆಯ ಮೂರು ಗುರುತೋ, ಮೂರು ಬೇರೆ ಕಾಯಿಲೆಯೋ ಹೇಳೋದು ಕಷ್ಟ. ಹಳೆ ಗಾಡಿಯಲ್ಲಿ ಇದೇ ದೊಡ್ಡ ತಲೆನೋವು. ಒಂದು ತೊಂದರೆ ಇನ್ನೊಂದರ ಬೆನ್ನ ಹಿಂದೆ ಅಡಗಿ ಕೂತಿರುತ್ತದೆ.

ಊರಿನ ಒಂದು ವರ್ಕ್‌ಶಾಪಿನಲ್ಲಿ ಬಾನೆಟ್ ತೆಗೆದು ನೋಡಿದವರೇ ಪಂಪ್ ಇಳಿಸೋಣ, ನಾಲ್ಕೂ ಎಲಿಮೆಂಟ್ ಹಾಕೋಣ ಅಂದರು. ಫಿಲ್ಟರ್ ಯಾವಾಗ ಬದಲಿಸಿದ್ದು ಅಂತಲೂ ಕೇಳಲಿಲ್ಲ. ನಾನು ಒಪ್ಪಲಿಲ್ಲ. ಎಲಿಮೆಂಟ್ ಸವೆದಿದ್ದರೆ ದಿನಕ್ಕೊಂದು ಥರ ಇರೋದಿಲ್ಲ. ಸವೆದ ಉಕ್ಕು ಸೋಮವಾರ ಸರಿಯಾಗಿ, ಮಂಗಳವಾರ ಕೆಡೋದಿಲ್ಲ ಅಲ್ವಾ? ಬಂದು ಹೋಗುವ ತೊಂದರೆಗೆ ಬಂದು ಹೋಗುವ ಕಾರಣವೇ ಇರಬೇಕು.

ಆ ಕಾರಣದ ಬಾಲ ಸಿಕ್ಕಿದ್ದು ಬಾಗಲಕೋಟೆ ಹತ್ತಿರ, ಗದ್ದನಕೇರಿ ಕ್ರಾಸಿನ ಆಚೆ, ಹೆದ್ದಾರಿ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿನ ಮಿಸ್ತ್ರಿ ಕಾಕಾಗೆ ಕಬ್ಬಿನ ಟ್ರ್ಯಾಕ್ಟರುಗಳೇ ಹೆಚ್ಚಿನ ಗಿರಾಕಿ. ಬಾದಾಮಿಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಬಹಳ ಪಾಡುಪಟ್ಟು ಸ್ಟಾರ್ಟ್ ಮಾಡಿಕೊಂಡು ಅಲ್ಲಿಗೆ ಬಂದಿದ್ದೆವು. ಕಾಕಾ ಬಾನೆಟ್ ಮುಟ್ಟಲಿಲ್ಲ. ಚಹಾ ತರಿಸಿದರು. ಆಮೇಲೆ ಕೇಳಿದರು.

"ಅಣ್ಣಾರ, ರಾತ್ರಿ ಗಾಡಿ ಮಾರಿ ಯಾವ ಕಡಿ ಇತ್ರಿ? ಏರಿಗಿತ್ತೋ, ಇಳಕಲಿಗಿತ್ತೋ?"

ಮಾರಿ ಅಂದರೆ ನಮ್ಮ ಕಡೆ ಮುಖ. ನಾನು ನೆನಪು ಮಾಡಿಕೊಂಡೆ. ಕಲ್ಲುನೆಲದ ಏರಿನಲ್ಲಿ, ಮೂತಿ ಮೇಲೆ ಮಾಡಿ ನಿಲ್ಲಿಸಿದ್ದೆವು. ಅದಕ್ಕೂ ಹಿಂದಿನ ರಾತ್ರಿ? ಸಮತಟ್ಟು ಜಾಗ, ಸ್ವಲ್ಪ ಇಳಿಜಾರೇ. ಆ ಬೆಳಿಗ್ಗೆ ಗಾಡಿ ಸಲೀಸಾಗಿ ಎದ್ದಿತ್ತು. ಇದನ್ನು ಹೇಳುತ್ತಾ ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ಕಾಕಾ ಮುಖದಲ್ಲಿ ಸಣ್ಣ ನಗು.

"ಪಂಪಿಗೆ ಕೈ ಹಚ್ಚಬ್ಯಾಡ್ರಿ. ಅದರ ಸರದಿ ಕಡೀಕ್ ಬರ್ತೈತಿ. ಎಲ್ಲೋ ಗಾಳಿ ಎಳೀತೈತಿ."

ವಿಷಯ ಇಷ್ಟೇ. ಗಾಡಿಯ ಮೂತಿ ಮೇಲಿದ್ದರೆ ಎಂಜಿನ್ ಮೇಲೆ, ಟ್ಯಾಂಕ್ ಕೆಳಗೆ. ಪೈಪು ಬಿಗಿಯಾಗಿದ್ದರೆ ಒಳಗಿನ ಡೀಸೆಲ್ ಹಾಗೇ ನಿಂತಿರುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಸೀಳಿದ್ದರೆ ಅಲ್ಲಿಂದ ಗಾಳಿ ನುಗ್ಗಿ, ಡೀಸೆಲ್ ರಾತ್ರಿಯಿಡೀ ನಿಧಾನಕ್ಕೆ ಟ್ಯಾಂಕಿಗೆ ಹಿಂದಿರುಗುತ್ತದೆ. ಬೆಳಿಗ್ಗೆ ಪೈಪಿನ ತುಂಬ ಗಾಳಿ. ಅದನ್ನೆಲ್ಲ ಎಳೆದು ಹಾಕುವವರೆಗೆ ಸೆಲ್ಫ್ ಹೊಡೆಯುತ್ತಲೇ ಇರಬೇಕು. ಮೂತಿ ಕೆಳಗಿದ್ದರೆ ಟ್ಯಾಂಕಿನ ಡೀಸೆಲ್ ತಾನಾಗೇ ಎಂಜಿನ್ ಕಡೆ ಇಳಿದು ನಿಂತಿರುತ್ತದೆ. ಕೀ ತಿರುಗಿಸಿದರೆ ಸಾಕು.

ಆದರೆ ಅಷ್ಟು ಸೀಳಿದ್ದರೆ ನೆಲದ ಮೇಲೆ ಡೀಸೆಲ್ ಹನಿ ಕಾಣಬೇಕಲ್ಲ? ನಾನು ಕೇಳಿದ್ದೂ ಅದನ್ನೇ.

"ಡೀಸೆಲ್ ಹೊರಗ ಬಂದ್ರ ಕಣ್ಣಿಗೆ ಕಾಣತೈತಿ. ಗಾಳಿ ಒಳಗ ಹೋದ್ರ ಯಾರಿಗೆ ಕಾಣತೈತ್ರಿ?"

ಈ ಒಂದು ಮಾತಿನಲ್ಲಿ ಅರ್ಧ ವಿದ್ಯೆ ಇದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಒತ್ತಡ ಇಲ್ಲ, ಎಳೆತ ಇದೆ. ಎಳನೀರಿಗೆ ಹಾಕಿದ ಸ್ಟ್ರಾ ನಡುವೆ ಸೀಳಿದ್ದರೆ ನೀರು ಹೊರಗೆ ಸೋರೋದಿಲ್ಲ, ಬಾಯಿಗೆ ಬರೀ ಗಾಳಿ ಬರುತ್ತದೆ. ಹಾಗೇ ಇದೂ. ಪೈಪು ಒಣಗಿ ಚೊಕ್ಕಟವಾಗಿ ಕಾಣುತ್ತದೆ. ನೋಡಿದವರು ಇಲ್ಲಿ ಏನೂ ಇಲ್ಲ ಅಂತ ಮುಂದೆ ಹೋಗುತ್ತಾರೆ. ಮುಂದೆ ಹೋದರೆ ಸಿಗೋದು ಪಂಪ್. ತಪ್ಪೆಲ್ಲ ಅದರ ತಲೆಗೆ.

ಒಳಗೆ ಹೋದ ಗಾಳಿ ಮಾಡುವ ಕೆಲಸವೂ ಸೂಕ್ಷ್ಮ. ಡೀಸೆಲ್ಲನ್ನು ಒತ್ತಿದರೆ ಅದು ಹೆಚ್ಚೂಕಮ್ಮಿ ಕುಗ್ಗೋದೇ ಇಲ್ಲ. ಅದಕ್ಕೇ ಪ್ಲಂಜರ್ ಸ್ವಲ್ಪ ಏರಿದ ಕೂಡಲೇ ಒತ್ತಡ 115 ಬಾರಿಗೆ ನೆಗೆದು ನೋಜಲ್ ತೆರೆಯುತ್ತದೆ. ಗಾಳಿ ಗುಳ್ಳೆ ಸೇರಿದ್ದರೆ? ಪ್ಲಂಜರ್ ಏರುತ್ತದೆ, ಗುಳ್ಳೆ ಕುಗ್ಗುತ್ತದೆ. ಇಳಿಯುತ್ತದೆ, ಗುಳ್ಳೆ ಹಿಗ್ಗುತ್ತದೆ. ಒತ್ತಡ ಏರೋದೇ ಇಲ್ಲ. ನೋಜಲ್ ಬಾಯಿ ಬಿಡೋದಿಲ್ಲ. ಅರ್ಧ ಹನಿಯ ಲೆಕ್ಕದಲ್ಲಿ ಸಾಸಿವೆಯಷ್ಟು ಗುಳ್ಳೆಯೂ ದೊಡ್ಡದು.

ಕಾಕಾ ಮಾಡಿದ ಪರೀಕ್ಷೆ ನೋಡಿದರೆ ಇಷ್ಟೇನಾ ಅನಿಸಬೇಕು. ಫೀಡ್ ಪಂಪಿಗೆ ಬರುವ ರಬ್ಬರ್ ಪೈಪು ಬಿಚ್ಚಿ, ಅಲ್ಲಿ ಗೇಣುದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು ಸೇರಿಸಿದರು. ಎರಡು ಕಡೆ ಕ್ಲಿಪ್ ಬಿಗಿ ಮಾಡಿದರು. ಕೈಪಂಪ್ ಒತ್ತಿ ಏರ್ ತೆಗೆದರು. ಎಂಜಿನ್ ಶುರು ಮಾಡಿಸಿ, ಸ್ವಲ್ಪ ರೇಸ್ ಕೊಡಿ ಅಂದರು. ನಾನು ಸೀಟಿನಿಂದ ಇಳಿದು ಬಂದು ನೋಡಿದೆ.

ಮೊದಲು ಹಳದಿ ಡೀಸೆಲ್ ಮಾತ್ರ ಕಾಣುತ್ತಿತ್ತು, ಸ್ವಚ್ಛವಾಗಿ. ಎಷ್ಟು ಸ್ವಚ್ಛ ಅಂದರೆ ಅದು ಓಡುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಆಮೇಲೆ ಒಂದು ಗುಳ್ಳೆ. ರಾಗಿ ಕಾಳಿನಷ್ಟು. ಪೈಪಿನ ಮೇಲ್ಗಡೆಗೆ ಅಂಟಿಕೊಂಡು, ಸ್ವಲ್ಪ ತಡೆದು, ತಟ್ಟನೆ ಪಂಪಿನ ಕಡೆ ಜಾರಿ ಹೋಯಿತು. ಅದರ ಹಿಂದೆ ಇನ್ನೊಂದು. ಕಾಕಾ ರೇಸ್ ಜಾಸ್ತಿ ಮಾಡಿದರು. ಈಗ ಗುಳ್ಳೆಗಳು ಸಾಲಾಗಿ ಬಂದವು, ಒಂದಕ್ಕೊಂದು ಸೇರಿ ಉದ್ದವಾದವು. ಎಂಜಿನ್ ಒಮ್ಮೆ ತಡವರಿಸಿತು. ರೇಸ್ ಬಿಟ್ಟರು. ಗುಳ್ಳೆ ಕಮ್ಮಿಯಾಯಿತು. ಎಂಜಿನ್ ಸುಧಾರಿಸಿಕೊಂಡಿತು. ಏರಿನಲ್ಲಿ ಎಳೆತ ಸಾಯುತ್ತಿದ್ದದ್ದು, ಗೇರ್ ಇಳಿಸಿ ತಾಳಿದರೆ ಮರಳಿ ಬರುತ್ತಿದ್ದದ್ದು ಎರಡೂ ಕಣ್ಣೆದುರೇ ಕಂಡಿತು. ಡೀಸೆಲ್ ಜಾಸ್ತಿ ಬೇಕಾದಾಗ ಎಳೆತ ಜಾಸ್ತಿ. ಎಳೆತ ಜಾಸ್ತಿಯಾದರೆ ಗಾಳಿಯೂ ಜಾಸ್ತಿ.

ಎರಡನೇ ಪರೀಕ್ಷೆ ಇನ್ನೂ ಖಚಿತ. ಟ್ಯಾಂಕನ್ನೇ ಪಕ್ಕಕ್ಕಿಡೋದು. ಒಂದು ಶುದ್ಧವಾದ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರ ಕಟ್ಟಿದರು. ಅದರಿಂದ ಪೈಪು ನೇರ ಫೀಡ್ ಪಂಪಿಗೆ. ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪೂ ಅದೇ ಕ್ಯಾನಿಗೆ. ಎಷ್ಟು ರೇಸ್ ಕೊಟ್ಟರೂ ಗುಳ್ಳೆ ಇಲ್ಲ, ತಡವರಿಕೆ ಇಲ್ಲ. ಅಂದರೆ ತೊಂದರೆ ಇರೋದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ಪಂಪ್, ನೋಜಲ್, ಫಿಲ್ಟರ್ ಎಲ್ಲವನ್ನೂ ಒಂದೇ ಏಟಿಗೆ ಆ ಅನುಮಾನದಿಂದ ಹೊರಗಿಟ್ಟಂತಾಯಿತು. ಕ್ಯಾನ್ ಕಟ್ಟಿದರೂ ಎಂಜಿನ್ ತಡವರಿಸಿದ್ದರೆ ಫೀಡ್ ಪಂಪಿನ ಕೈಗುಂಡಿಯ ಬುಡ ನೋಡಬೇಕಿತ್ತು. ಹಳೇ ಗಾಡಿಗಳಲ್ಲಿ ಅಲ್ಲಿಂದಲೂ ಗಾಳಿ ಎಳೆಯುತ್ತದೆ.

ಗಾಡಿ ಕೆಳಗೆ ನುಸುಳಿ ಟ್ಯಾಂಕಿನ ಕಡೆಯಿಂದ ಒಂದೊಂದೇ ಜೋಡಣೆ ಮುಟ್ಟುತ್ತಾ ಬಂದೆವು. ಟ್ಯಾಂಕಿನ ಕಬ್ಬಿಣದ ಪೈಪಿಗೆ ರಬ್ಬರ್ ಪೈಪು ಸೇರುವ ಜಾಗದಲ್ಲಿ ತುಕ್ಕು ಹಿಡಿದ ಕ್ಲಿಪ್. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಸಿಕ್ಕ ಪೈಪು ಹಾಕಿದ್ದರು. ಕ್ಲಿಪ್ ತೆಗೆದಾಗ ಕಂಡಿತು. ಕ್ಲಿಪ್ಪಿನ ಅಡಿಯಲ್ಲೇ, ಸುತ್ತಲೂ, ಉಗುರಿನ ಗೀರಿನಂಥ ಸೀಳು. ರಬ್ಬರ್ ಒಣಗಿ ಇದ್ದಿಲಿನಂತಾಗಿತ್ತು. ಬೆರಳಿನಲ್ಲಿ ಮಡಿಸಿದರೆ ಸೀಳು ಬಾಯಿ ತೆರೆಯುತ್ತಿತ್ತು. ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಬಿಸಿಲು ಗೊತ್ತಲ್ಲ. ಬೇಸಿಗೆಯಲ್ಲಿ ವಿಜಯಪುರದ ಕಡೆ 40 ಡಿಗ್ರಿ ದಾಟೋದು ಮಾಮೂಲು. ರಸ್ತೆಯ ಕಾವು ಬೇರೆ. ಗಾಡಿ ಓಡಲಿ ಬಿಡಲಿ, ರಬ್ಬರಿಗೆ ವಯಸ್ಸಾಗುತ್ತಲೇ ಇರುತ್ತದೆ. ಡೀಸೆಲ್ ಗಾಡಿ ಇಟ್ಟವರು ಈ ಪೈಪುಗಳನ್ನು ಕೆಡುವ ಮುಂಚೆಯೇ ಬದಲಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಡೀಸೆಲ್ಲಿಗೆ ಅಂತಲೇ ಮಾಡಿದ ಪೈಪು ಹಾಕಿಸಿ. ಪರೀಕ್ಷೆಗೆ ಹಾಕಿದ ಪಾರದರ್ಶಕ ಪೈಪನ್ನು ಹಾಗೇ ಬಿಡಬೇಡಿ. ಅದೂ ಸ್ವಲ್ಪ ದಿನಕ್ಕೆ ಗಟ್ಟಿಯಾಗಿ ಸೀಳುತ್ತದೆ.

ಹೊಸ ಪೈಪು ಹಾಕಿ ಏರ್ ತೆಗೆದ ಕ್ರಮವನ್ನೂ ಹೇಳಿಬಿಡುತ್ತೇನೆ. ದಾರಿಯಲ್ಲಿ ಡೀಸೆಲ್ ಖಾಲಿಯಾಗಿ ನಿಂತವರಿಗೂ ಇದೇ ಕ್ರಮ. ಮೊದಲು ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಬೇಕು. ನೊರೆ ನೊರೆಯಾಗಿ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಬೇಕು. ಆಮೇಲೆ ಪಂಪಿನ ಸ್ಕ್ರೂ, ಅದೇ ರೀತಿ. ಅಷ್ಟಾದರೂ ಶುರುವಾಗದಿದ್ದರೆ ನೋಜಲ್ಲಿನ ತುದಿಯಲ್ಲಿ ಪೈಪಿನ ನಟ್ ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಅಲ್ಲಿ ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡೋದು. ಸೆಲ್ಫ್ ಒಂದೇ ಸಮ ಹೊಡೆಯಬೇಡಿ, ಮೋಟಾರ್ ಸುಟ್ಟೀತು. ನಡುನಡುವೆ ಬಿಡುವು ಕೊಡಿ.

ಬೆಳಗಿನ ತೊಂದರೆ ಹೋಯಿತು. ಏರಿನ ತೊಂದರೆಯೂ ಹೋಯಿತು. ನಡುಕ ಮಾತ್ರ ಹೋಗಲಿಲ್ಲ. ಕಾಕಾಗೆ ಅದು ಆಶ್ಚರ್ಯವೇ ಅಲ್ಲ. "ಅದು ಬ್ಯಾರೆ ಅರ್ಜಿರಿ," ಅಂದರು. ಗಾಳಿಯ ಕಾಟ ಇರುವವರೆಗೆ ಎರಡನೇ ಅರ್ಜಿ ಓದೋಕೆ ಆಗುತ್ತಿರಲಿಲ್ಲ. ಈಗ ಓದಬಹುದಿತ್ತು.

ನಾಲ್ಕು ಸಿಲಿಂಡರಿನಲ್ಲಿ ಯಾವುದು ಕೆಲಸ ಕದಿಯುತ್ತಿದೆ ಅಂತ ಕಂಡುಹಿಡಿಯೋಕೆ ಹಳೆ ಎಂಜಿನ್ನಿನಲ್ಲಿ ಸೊಗಸಾದ ಉಪಾಯ ಇದೆ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ಅಂದರೆ ರೇಸ್ ಕೊಡದೆ ಬಿಟ್ಟಿರುವಾಗ, ಒಂದೊಂದೇ ನೋಜಲ್ಲಿನ ನಟ್ ಸಡಿಲಿಸೋದು. ಸಡಿಲಿಸಿದ ಕೂಡಲೇ ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ. ಎಂಜಿನ್ ಇನ್ನೂ ಜಾಸ್ತಿ ನಡುಗಿ, ಸದ್ದು ಇಳಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಅಂತ ಅರ್ಥ. ಏನೂ ವ್ಯತ್ಯಾಸ ಆಗದಿದ್ದರೆ ಅದು ಮೊದಲೇ ಸುಮ್ನೆ ಕೂತಿತ್ತು. ನಮ್ಮದರಲ್ಲಿ ಒಂದನೆಯದು, ಎರಡನೆಯದು ಸಡಿಲಿಸಿದಾಗ ಎಂಜಿನ್ ಕುಂಟಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. ಸಿಕ್ಕಿಬಿತ್ತು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತಗೋಬೇಡಿ. ನಟ್ ಮೇಲೆ ದಪ್ಪ ಬಟ್ಟೆ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ, ಅರ್ಧ ಸುತ್ತು ಮಾತ್ರ ಸಡಿಲಿಸಿ. ನೋಜಲ್ಲಿನ ಬಾಯಿಗೆ ಬೆರಳು ಒಡ್ಡಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ, ಒಳಗೆ ಕೈ ಕೊಳೆಯುವಂಥ ಕೇಡು. ಹಾಗಾದರೆ ನೋವಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ (ಎಲ್ಲ ನೋಜಲ್ಲಿಗೂ ಒಂದೇ ಕೊಳವೆಯಲ್ಲಿ ಭಾರೀ ಒತ್ತಡ ಕಟ್ಟಿಡುವ ಏರ್ಪಾಡು) ಇರುವ ಹೊಸ ಡೀಸೆಲ್ ಗಾಡಿಗಳಲ್ಲಂತೂ ಈ ನಟ್ ಸಡಿಲಿಸುವ ಉಪಾಯ ಮಾಡಲೇಬಾರದು. ಅಲ್ಲಿ ಒತ್ತಡ 1600 ಬಾರ್ ದಾಟುತ್ತದೆ. ಅಲ್ಲಿಗೆ ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ರೇ ಸರಿ.

ಮೂರನೇ ಸಿಲಿಂಡರ್ ಅಂತ ಗೊತ್ತಾಯಿತು. ಆದರೆ ದೋಷ ನೋಜಲ್ಲಿನದೋ, ಪಂಪಿನದೋ, ಸಿಲಿಂಡರಿನ ಕಂಪ್ರೆಶನ್ನಿನದೋ (ಒಳಗಿನ ಗಾಳಿಯನ್ನು ಒತ್ತುವ ಬಲ)? ಬೆಳಗಾವಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಅದಲಿ ಬದಲಿ. ಮೂರನೆಯ ಅಟಾಮೈಜರ್ ಎರಡಕ್ಕೆ, ಎರಡನೆಯದು ಮೂರಕ್ಕೆ. ಕೆಳಗಿನ ವಾಶರ್ ಮಾತ್ರ ಹೊಸದು. ಒಮ್ಮೆ ಒತ್ತಿದ ವಾಶರ್ ಮತ್ತೆ ಸರಿಯಾಗಿ ಕೂರೋದಿಲ್ಲ. ಮತ್ತೆ ನಟ್ ಪರೀಕ್ಷೆ. ಈಗ ಸೋಮಾರಿ ಆಗಿದ್ದು ಎರಡನೇ ಸಿಲಿಂಡರ್. ದೋಷ ನೋಜಲ್ ಜೊತೆಗೇ ನಡೆದುಕೊಂಡು ಹೋಗಿತ್ತು. ಮೂರರಲ್ಲೇ ಉಳಿದಿದ್ದರೆ ಪಂಪಿನಿಂದ ಪೈಪಿಗೆ ಡೀಸೆಲ್ ಬಿಡುವ ಡಿಲಿವರಿ ವಾಲ್ವ್ ಅಥವಾ ಕಂಪ್ರೆಶನ್ ಕಡೆ ನೋಡಬೇಕಿತ್ತು. ಹೊಸ ಸಾಮಾನು ಕೊಳ್ಳದೆ, ಇರೋದನ್ನೇ ಜಾಗ ಬದಲಿಸಿ ಸತ್ಯ ಹೊರಡಿಸೋದು. ಇದಕ್ಕಿಂತ ಚೆಂದದ ಪರೀಕ್ಷೆ ನನಗೆ ಗೊತ್ತಿಲ್ಲ.

ಬೆಳಗಾವಿಯಲ್ಲಿ ಈ ಕೆಲಸಕ್ಕೆ ಜನ ಸಿಗೋದು ನಮ್ಮ ಪುಣ್ಯ. ಉದ್ಯಮಬಾಗ್ ಕಡೆ ಫೌಂಡ್ರಿ, ಲೇತ್, ಹೈಡ್ರಾಲಿಕ್ ಕೆಲಸ ಮಾಡುವವರ ನಡುವೆ ಬೆಳೆದ ಊರು ಇದು. ಮೈಕ್ರಾನ್ ಅನ್ನುವ ಮಾತು ಇಲ್ಲಿ ಚಹಾದಂಗಡಿಯಲ್ಲೂ ಕಿವಿಗೆ ಬೀಳುತ್ತದೆ. ನಾವು ಹೋದ ಅಂಗಡಿಯಲ್ಲಿ ನೋಜಲ್ ಟೆಸ್ಟರ್ ಇತ್ತು. ಅಂದರೆ ಕೈಯಲ್ಲಿ ಒತ್ತುವ ಸನ್ನೆ, ಒಂದು ಒತ್ತಡದ ಮೀಟರ್, ತುದಿಗೆ ನೋಜಲ್. ಅಂಗಡಿಯವರು ಮೊದಲು ಒಳ್ಳೆಯ ನೋಜಲ್ ಹಾಕಿ ತೋರಿಸಿದರು. ಮುಳ್ಳು 115 ದಾಟಿದ ಕೂಡಲೇ "ಕೊರ್ರ್" ಅಂತ ಚುರುಕು ಸದ್ದು. ತುದಿಯಿಂದ ಮಂಜಿನಂಥ ನಯವಾದ ತುಂತುರು. ತುದಿ ಒಣಗಿತ್ತು. ಆಮೇಲೆ ನಮ್ಮದು. ಮುಳ್ಳು 90ರ ಹತ್ತಿರ ಹೋಗುವಾಗಲೇ ಸದ್ದಿಲ್ಲದೆ ಪಿಚಕ್ಕನೆ ಒಂದು ಗೆರೆ, ಒಂದು ಪಕ್ಕಕ್ಕೆ. ಸನ್ನೆ ಬಿಟ್ಟ ಮೇಲೂ ತುದಿಯಲ್ಲಿ ಹನಿ ಕಟ್ಟಿ ಬಿತ್ತು. ಒಳ್ಳೆಯ ನೋಜಲ್ಲಿಗೆ ತೆರೆಯುವ ಒತ್ತಡಕ್ಕಿಂತ ಸ್ವಲ್ಪ ಕೆಳಗೆ 10 ಸೆಕೆಂಡ್ ಹಿಡಿದರೂ ಹನಿ ಬೀಳಬಾರದು.

ಹನಿಯಾಗಿ ಬಿದ್ದ ಡೀಸೆಲ್ ಪೂರ್ತಿ ಉರಿಯೋದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ. ಬಿಳಿ ಹೊಗೆಗೆ, ತಣ್ಣಗಿನ ಎಂಜಿನ್ನಿನ ಒಳಗೆ ಕಾವು ಕೊಡುವ ಹೀಟರ್ ಪ್ಲಗ್ ಸತ್ತಿರೋದೂ ಕಾರಣ ಆಗಬಹುದು, ಅದನ್ನು ಮೊದಲೇ ನೋಡಿಯಾಗಿತ್ತು. ಕರಿ ಹೊಗೆ ಬಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಪಂಪ್ ಬಿಚ್ಚುವ ಮುಂಚೆ ಏರ್ ಫಿಲ್ಟರ್ ತೆಗೆದು ನೋಡಿ, ನಮ್ಮ ಕರಿಮಣ್ಣಿನ ಧೂಳು ಅಲ್ಲಿ ತುಂಬಿರುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲಿನದು, ಇಂಜೆಕ್ಷನ್ನಿಗೆ ಸಂಬಂಧ ಇಲ್ಲ. ಹೊಗೆ ತಪಾಸಣೆಯಲ್ಲಿ ನಮ್ಮಂಥ ಹಳೆ ಡೀಸೆಲ್ ಗಾಡಿಗಳಿಗೆ 65 ಹಾರ್ಟ್‌ರಿಜ್ (ಹೊಗೆಯ ದಟ್ಟಣೆ ಅಳೆಯುವ ಮಾನ) ಮಿತಿ. ನೋಜಲ್ ಸರಿ ಇದ್ದು, ಏರ್ ಫಿಲ್ಟರ್ ಚೊಕ್ಕಟವಿದ್ದರೆ ಅದನ್ನು ದಾಟೋದು ಕಷ್ಟವೇನಲ್ಲ.

ಒಂದು ನೋಜಲ್ ಕೆಟ್ಟರೂ ನಾಲ್ಕನ್ನೂ ಟೆಸ್ಟರಿಗೆ ಹಾಕಿಸಿ. ನಾವು ನಾಲ್ಕೂ ಹೊಸ ನೋಜಲ್ ಹಾಕಿಸಿ, ಶಿಮ್ (ತೆಳುವಾದ ಬಿಲ್ಲೆ) ಇಟ್ಟು ಒತ್ತಡ ಒಂದೇ ಸಮ ಮಾಡಿಸಿದೆವು. ಮೂರು ಹಳೆಯವು, ಒಂದು ಹೊಸದು ಅಂತಾದರೆ ನಾಲ್ಕೂ ಬೇರೆ ಬೇರೆ ಒತ್ತಡಕ್ಕೆ ತೆರೆಯುತ್ತವೆ. ನಡುಕ ರೂಪ ಬದಲಿಸುತ್ತದೆ ಅಷ್ಟೇ.

ಪರದೇಶದ ಹಳೆ ಕ್ಯಾಂಪರ್ ವ್ಯಾನುಗಳ ಬಗ್ಗೆ ಓದುವಾಗಲೂ ನನಗೆ ಇದೇ ಕಾಣುತ್ತದೆ. ಫೋಕ್ಸ್‌ವ್ಯಾಗನ್ ಟೈಪ್ 2 ಅಂದರೆ ಎಲ್ಲರಿಗೂ ಗೊತ್ತು. ಅಮೆರಿಕಕ್ಕೆ ಹೋದ ಆ ವ್ಯಾನುಗಳಿಗೆ 1975ರಿಂದ ಕಾರ್ಬುರೇಟರ್ ಬದಲು ಬಾಷ್‌ನ ಎಲ್-ಜೆಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್ ಬಂತು. ಅದರಲ್ಲಿ ಒಳಗೆ ಹೋಗುವ ಗಾಳಿ ಒಂದು ರೆಕ್ಕೆಯನ್ನು ತಳ್ಳುತ್ತದೆ. ರೆಕ್ಕೆ ಎಷ್ಟು ತೆರೆಯಿತು ಅನ್ನೋದರ ಮೇಲೆ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಲೆಕ್ಕ ಹಾಕುತ್ತದೆ. ರೆಕ್ಕೆ ದಾಟಿದ ಮೇಲಿನ ರಬ್ಬರ್ ಪೈಪು ಸೀಳಿದರೆ ಅಲ್ಲಿಂದ ನುಗ್ಗಿದ ಗಾಳಿ ಲೆಕ್ಕಕ್ಕೇ ಬರೋದಿಲ್ಲ. ಪೆಟ್ರೋಲ್ ಕಮ್ಮಿ ಬೀಳುತ್ತದೆ, ಐಡಲ್ ತಡವರಿಸುತ್ತದೆ. ಆಯಿಲ್ ಹಾಕುವ ಮುಚ್ಚಳದ ರಬ್ಬರ್ ಸಡಿಲಾದರೂ ಅದೇ ಕತೆ. ಅಲ್ಲೂ ಜನ ಮೊದಲು ಬೈಯೋದು ದುಬಾರಿ ಪೆಟ್ಟಿಗೆಯನ್ನೇ. ಉಷ್ಣತೆ ಅಳೆಯುವ ಸೆನ್ಸರನ್ನು ಒಂದು ಮಲ್ಟಿಮೀಟರಿನಲ್ಲಿ ನೋಡಿದರೆ ಸಾಕಾಗಿರುತ್ತದೆ. 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರಬೇಕು. ಎಂಜಿನ್ ಬಿಸಿಯಾದರೂ ಅದು ಇಳಿಯದಿದ್ದರೆ ಪೆಟ್ಟಿಗೆ ಪಾಪ, ಎಂಜಿನ್ ಇನ್ನೂ ತಣ್ಣಗಿದೆ ಅಂತಲೇ ಪೆಟ್ರೋಲ್ ಸುರಿಯುತ್ತಿರುತ್ತದೆ.

ನಮ್ಮ ಪಂಪನ್ನು ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ. ಮೊನ್ನೆ ಕೊಲ್ಹಾರದ ಸೇತುವೆ ದಾಟಿ, ಮೊಸರಿನ ಗಡಿಗೆ ಕಟ್ಟಿಸಿಕೊಂಡು ವಿಜಯಪುರಕ್ಕೆ ಹೋಗಿ ಬಂದೆವು. ಬರುವಾಗ ಗದ್ದನಕೇರಿ ಕ್ರಾಸಿನಲ್ಲಿ ನಿಲ್ಲಿಸಿ ಕಾಕಾಗೆ ಗಾಡಿಯ ಸದ್ದು ಕೇಳಿಸಿದೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಫೀಡ್ ಪಂಪಿನ ಹತ್ತಿರ ಕಸ ಹಿಡಿಯುವ ಪ್ರಿ-ಫಿಲ್ಟರಿನ ಬಟ್ಟಲು ಬಿಚ್ಚಿಸಿ, ತಳದಲ್ಲಿ ಕೂತ ಕಂದು ಕೆಸರನ್ನು ಬೆರಳಿನಲ್ಲಿ ತೆಗೆದು ತೋರಿಸಿದರು. ಟ್ಯಾಂಕಿನೊಳಗೆ ತುಕ್ಕು ಶುರುವಾಗಿದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಇಳಿಸಿ ತೊಳೆಸಬೇಕು. ಒಳಗಿನ ಜಾಲರಿ, ಮುಚ್ಚಳದ ಗಾಳಿ ತೂತು ಎರಡನ್ನೂ ನೋಡಬೇಕು. ತೂತು ಮುಚ್ಚಿದ್ದರೆ ಟ್ಯಾಂಕಿನೊಳಗೆ ಗಾಳಿ ಬರದೆ ಡೀಸೆಲ್ ಎಳೆಯೋದು ನಿಲ್ಲುತ್ತದೆ. ಓಡಿ ಓಡಿ ಗಾಡಿ ನಿಂತಾಗ ಮುಚ್ಚಳ ತೆಗೆದರೆ "ಸುಸ್" ಅಂತ ಗಾಳಿ ಒಳಗೆ ನುಗ್ಗುವ ಸದ್ದು ಬಂದರೆ ಕಾರಣ ಅದೇ ಅಂತ ತಿಳಿಯಿರಿ. ಟ್ಯಾಂಕ್ ತೊಳೆಯುವಾಗ ನೀರು ಬಳಸಬೇಡಿ, ಡೀಸೆಲ್ಲಿನಲ್ಲೇ ತೊಳೆಸಿ ಅಂತ ಕಾಕಾ ಒತ್ತಿ ಹೇಳಿದ್ದಾರೆ. ಈ ಟ್ಯಾಂಕ್ ಖಾಲಿಯಾಗುತ್ತಾ ಬಂದ ಕೂಡಲೇ ಆ ಕೆಲಸ.